ಹೆದರಿಕೆಯಿಲ್ಲ ಎಂದ ಬೆಳಿಗ್ಗೆ

ಸ್ಕೈಲರ್, ನೆಬ್ರಾಸ್ಕಾ
ಮಾರ್ಚ್ ೧೧, ಸೋಮವಾರ

ಪ್ರೀತಿಯ ತಮ್ಮ ಬಾಲ್ತಸಾರ್,

‘...ಆದರೆ ಸರ್ಕಾರದ ಖರ್ಚಿನಲ್ಲಲ್ಲ’ ಎಂದರಲ್ಲ ವಲಸೆ ಕೋರ್ಟಿನ ಆ ನ್ಯಾಯಾಧೀಶರು, ಅದರ ಮುಂಚಿನ ಅರ್ಧ ನನಗೆ ಸರಿಯಾಗಿ ನೆನಪಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ನಿನಗಿದೆ ಎಂದೇ ಇರಬೇಕು. ಹೋಗಲಿ. ನಿನ್ನ ಹೊಟ್ಟೆನೋವು ಹೇಗಿದೆ? ಆ ಬಂಧನಕೇಂದ್ರದಲ್ಲಿ ಬೀನ್ಸ್ ಬೇಯಿಸುತ್ತಾರೋ, ಹಾಗೇ ಬಡಿಸುತ್ತಾರೋ? ನಿನ್ನ ಮಗಳು ನೊಯೆಮಿ ಶಾಲೆಗೆ ಹೋಗುತ್ತಿದ್ದಾಳೆ. ನನ್ನ ಅಡುಗೆಗೆ ಉಪ್ಪು ಜಾಸ್ತಿ ಎಂದು ದಿನವೂ ತಕರಾರು.

ಅವರು ಕೊಟ್ಟ ಪಟ್ಟಿಯಲ್ಲಿ ಪುಕ್ಕಟೆ ವಕೀಲರ ಒಂಬತ್ತು ನಂಬರುಗಳಿದ್ದವು. ಮಾಂಸದ ಕಾರ್ಖಾನೆಯ ಊಟದ ಬಿಡುವಿನಲ್ಲಿ ಒಂಬತ್ತಕ್ಕೂ ಫೋನು ಮಾಡಿದ್ದೆ. ಒಬ್ಬಳು ಮಾತ್ರ ಎತ್ತಿ, ‘ಈ ವರ್ಷ ಹೊಸ ಕೇಸಿಗೆ ಜಾಗ ಇಲ್ಲಮ್ಮ’ ಎಂದಳು. ವಿಚಾರಣೆಯ ದಿನ ಸರ್ಕಾರದ ಕಡೆ ವಕೀಲನಿದ್ದ, ಅವನ ಮುಂದೆ ದಪ್ಪ ಕಡತ. ನಿನ್ನ ಪಕ್ಕದ ಕುರ್ಚಿ ಖಾಲಿ. ಅದನ್ನು ಯಾಕಾದರೂ ಇಟ್ಟಿದ್ದರೋ.

‘ಗ್ವಾಟೆಮಾಲಾಕ್ಕೆ ವಾಪಸ್ ಹೋಗೋಕೆ ಹೆದರಿಕೆ ಇದೆಯಾ?’ ಎಂದು ನ್ಯಾಯಾಧೀಶರು ಕೇಳಿದರು. ನೀನು ಹಿಂದಿನ ಬೆಂಚಿನಲ್ಲಿ ನನ್ನ ಜೊತೆ ಕೂತಿದ್ದ ನೊಯೆಮಿಯನ್ನು ಒಮ್ಮೆ ನೋಡಿ, ‘ಇಲ್ಲ ಸ್ವಾಮಿ’ ಎಂದೆ. ಯಾಕೆಂದು ನನಗೆ ಗೊತ್ತು. ದೊಡ್ಡವರು ಮಕ್ಕಳೆದುರು ಹೆದರಿಕೆಯ ಮಾತಾಡಿದರೆ ಅದು ಮಗುವಿನ ಮೈ ಹೊಕ್ಕು ರೋಗವಾಗುತ್ತದೆ. ಊರಲ್ಲಿ ದಿಯೇಗೊ ಅಣ್ಣನನ್ನು ಕೊಂದು ಬಿಸಾಕಿದ ದಿನವೂ ಅವ್ವ, ‘ಬಾಯಿ ಮುಚ್ಕೊಳ್ರೋ, ಕೂಸುಗಳಿದಾವೆ’ ಎಂದಿದ್ದಳು. ನಾನು ಎದ್ದು ನಿಂತೆ. ಕಾವಲಿನವನು ‘ಕೂತ್ಕೋ’ ಎಂದ. ಕೂತೆ. ಸರ್ಕಾರದ ವಕೀಲ, ‘ನಂದೇನೂ ಪ್ರಶ್ನೆ ಇಲ್ಲ’ ಎಂದ. ಅವನ ದನಿಯಲ್ಲಿ ದ್ವೇಷವಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹನ್ನೊಂದು ನಿಮಿಷ, ಗಡೀಪಾರು. ಹೆದರಿಕೆ ‘ಇದೆ’ ಎಂದಿದ್ದರೆ ಇಲ್ಲೇ ಆಶ್ರಯ ಕೇಳಬಹುದಿತ್ತಂತೆ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ, ‘ಮಗೂನ ಹೊರಗೆ ಕಳಿಸಿ ಕೇಳಿ’ ಎನ್ನುತ್ತಿದ್ದರು. ಬೇಕಾಗಿದ್ದದ್ದು ಅಷ್ಟೇ. ನಮ್ಮ ಕಾರ್ಖಾನೆಯಲ್ಲಿ ಕೊಯ್ಯುವ ದನವನ್ನೂ ಮೊದಲು ಒಬ್ಬರು ಪರೀಕ್ಷಿಸಿ ನೋಡಬೇಕೆಂದು ಕಾನೂನಿದೆ. ಅದು ಸರ್ಕಾರದ ಖರ್ಚಿನಲ್ಲಿ.

ಅವ್ವ ಇದ್ದಿದ್ದರೆ ನಿನ್ನ ತಲೆ ಸವರುತ್ತಿದ್ದಳು. ಅವಳ ಪರವಾಗಿ ನಾನು.

ನಿನ್ನ ಅಕ್ಕ,
ತೊಮಾಸಾ

ಮತ್ತೊಂದು: ಪಾದ್ರಿಗಳು ಹುಡುಕಿಕೊಟ್ಟ ವಕೀಲೆಯೊಬ್ಬಳು ಮೇಲ್ಮನವಿ ಹಾಕಲು ಒಪ್ಪಿದ್ದಾಳೆ. ಈ ಕಾಗದ ತರುವವಳು ಅವಳೇ. ಶುಕ್ರವಾರ ಕೊನೆಯ ದಿನ. ಹೆದರಿಕೆಯಿದೆ, ಯಾಕಿದೆ ಎಂದು ನೀನೇ ಕೈಯಾರೆ ಬರೆದುಕೊಡಬೇಕಂತೆ. ನಿನ್ನೆ ನೊಯೆಮಿ ಹೇಳಿದಳು: ‘ಮುಂದಿನ ಸರದಿ ನಿಂದು ಅಂತ ದೊಡ್ಡಪ್ಪನ್ನ ಕೊಂದೋರು ಅಪ್ಪಂಗೆ ಹಾಕಿದ್ರಲ್ಲ ಚೀಟಿ, ಊರ ಮನೆ ಬಾಗಿಲ ಸಂದೀಲಿ ಅದನ್ನ ಮೊದಲು ನೋಡಿದ್ದು ನಾನೇ, ಅತ್ತೆ. ಓದಿ ಮತ್ತೆ ಅಲ್ಲೇ ತುರುಕಿದೆ. ನಾನು ಓದಿದ್ದು ಗೊತ್ತಾದ್ರೆ ಅಪ್ಪ ಹೆದರ್ಕೋತಾನೆ ಅಂತ.’ ಇನ್ನು ಯಾರನ್ನು ಕಾಪಾಡಲು ಸುಮ್ಮನಿರುತ್ತೀಯ, ಬಾಲ್ತಸಾರ್?