ಅವ್ವನ ಫೋನಿನ ಅಕ್ಷರ

ಆಗಸ್ಟ್ 31, ಸಂಜೆ

ಇವತ್ತೂ ಅದೇ ಕೆಲಸ. ಬಗ್ ಸರಿ ಮಾಡು, ಅವ್ವನ ಮುಂದೆ ಕೂತು ಮಾತಾಡು, ಫೋನ್ ಏನು ಬರೆಯಿತೆಂದು ನೋಡು. ಕೆಳಗೆ ಮಗ್ಗಗಳ ಖಟಖಟ. ಈ ಸದ್ದಿನಲ್ಲೇ ಬಾಳಿ ಅವ್ವನ ಕಿವಿ ಹೋಯಿತು. ಕೊಲ್ಹಾಪುರದ ಡಾಕ್ಟರು ಕೈಚೆಲ್ಲಿದರು. ಕಿವಿಗೆ ಹಾಕಿದ ಮಷಿನ್ನಿನಲ್ಲಿ ಬರೀ ಗದ್ದಲವಂತೆ.

ಮಾತನ್ನು ಅಕ್ಷರ ಮಾಡುವ ಬೇರೆ ಆ್ಯಪ್‌ಗಳು ಮೊದಲು ಕೇಳುತ್ತವೆ — ಕನ್ನಡವೋ, ಮರಾಠಿಯೋ? ನಮ್ಮ ಮನೆಯಲ್ಲಿ ಒಂದೇ ಮಾತು ಅದರಲ್ಲಿ ಶುರುವಾಗಿ ಇದರಲ್ಲಿ ಮುಗಿಯುತ್ತದೆ. ನಮ್ಮದೇ ದನಿಗಳನ್ನು ಕೇಳಿಸಿ ನಾನೂ ಗೆಳೆಯ ಕೇತನನೂ ಕಟ್ಟಿದ ಈ ಆ್ಯಪ್‌ಗೆ ಮಾತ್ರ ಅದು ತಿಳಿಯುತ್ತದೆ. ಅಪ್ಪ, "ಶಾಲನ, ಚಹಾ ಝಾಲಾ ಕಾ? ಲಗೂ ಕೊಡ" ಎಂದು ಹೆಸರು ಹಿಡಿದು ಅವಸರ ಮಾಡಿದರೆ, ಚಹಾ ಆಯಿತೇ ಎಂಬ ಆ ಮಾತು ಅವ್ವನ ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಮೂಡುತ್ತದೆ. ಅವ್ವ ಅಲ್ಲಿಂದಲೇ ಬೈಯುತ್ತಾಳೆ. ಎಷ್ಟೋ ದಿನದ ಮೇಲೆ ಇವರಿಬ್ಬರ ಜಗಳ. ಎಷ್ಟು ಖುಷಿ!

ಆದರೆ ಈ ಆ್ಯಪ್ ನಡೆಯುವ ಫ್ರೀ ಸರ್ವರ್ ಸೆಪ್ಟೆಂಬರ್ 30ಕ್ಕೆ ಬಂದ್. ಬುಧವಾರ, ಹೊಸ ಆ್ಯಪ್‌ಗಳಿಗೆ ಜನ ವೋಟ್ ಹಾಕುವ ಮೇಕರ್ಸ್ ಸೈಟಿನಲ್ಲಿ ನಮ್ಮ ಲಾಂಚ್. ಆ ದಿನದ ಮೊದಲ ಮೂರರಲ್ಲಿ ಬಂದರೆ ಒಂದು ವರ್ಷ ಸರ್ವರ್ ಅವರೇ ಕೊಡುತ್ತಾರೆ. ಇಲ್ಲವಾದರೆ… ಬರೆಯುವುದಿಲ್ಲ.

ಸೆಪ್ಟೆಂಬರ್ 3, ಮಧ್ಯಾಹ್ನ

ಲಾಂಚ್ ಆಯಿತು! ಗಡಹಿಂಗ್ಲಜದಿಂದ ಕೇತನ ಫೋನ್ ಇಟ್ಟೇ ಇಲ್ಲ. ಪೋರ್ಚುಗಲ್‌ನವನೊಬ್ಬ ಕೇಳಿದ್ದಾನೆ — ನನ್ನ ಅಜ್ಜಿಯೂ ಎರಡು ಭಾಷೆ ಬೆರೆಸುತ್ತಾಳೆ, ಅವಳ ಮಾತನ್ನೂ ಆ್ಯಪ್‌ಗೆ ಕಲಿಸುತ್ತೀರಾ? ಓದಿ ಕಣ್ಣು ತುಂಬಿತು. ಸದ್ಯಕ್ಕೆ ನಾಲ್ಕನೇ ಸ್ಥಾನ. ಆದೀತು, ಆದೀತು.

ಅದೇ ದಿನ, ಸಂಜೆ

ಮೂರು. ನೋಡನೋಡುತ್ತ ಎರಡು. ಕೇತನ ಕಿರುಚಿದ. ಕಾಮೆಂಟ್ ನೋಡಿದೆ. "ಜೈ ಜಿನೇಂದ್ರ." ಅದರ ಕೆಳಗೆ "ಜೈ ಜಿನೇಂದ್ರ." ಇನ್ನೂ ಕೆಳಗೆ, "ಸುಕುಮಾರದಾದಾಂಚ್ಯಾ ಕನ್ಯೇಲಾ ಹಾರ್ದಿಕ ಶುಭೇಚ್ಛಾ" — ಅಪ್ಪನ ಹೆಸರು ಹಿಡಿದು ಮಗಳಾದ ನನಗೆ ಶುಭಾಶಯ, ಜೊತೆಗೊಂದು ಗುಲಾಬಿ.

ಅಪ್ಪನನ್ನು ಕೇಳಿದೆ.

"ದಶಲಕ್ಷಣ ಪರ್ವ ನಡದೈತಿ, ಬಸದಿ ತುಂಬ ಮಂದಿ. ಪ್ರವಚನ ಮುಗದಮ್ಯಾಲ ಮೈಕಿನ್ಯಾಗ ಹೇಳಿದ್ನಿ. ಅಲ್ಲಿ ವೈಫೈ ಐತೆಲ್ಲ, ನಾನ ನಿಂತು ಎಲ್ಲಾರ ಫೋನಿನ್ಯಾಗ ಅಕೌಂಟ್ ತಗಿಸೇನಿ. ಮುದುಕ್ಯಾರೂ ವೋಟ್ ಒತ್ಯಾರ ನೋಡ ಬಾಳಾ!"

ಒಂದೇ ವೈಫೈ, ಒಂದೇ ಹೊತ್ತಿಗೆ ಹುಟ್ಟಿದ ಅಕೌಂಟುಗಳು. ಸೈಟಿನ ಲೆಕ್ಕದಲ್ಲಿ ಅದು ಕಳ್ಳ ವೋಟು. ಹೇಗೆ ಹೇಳಲಿ? ನಮ್ಮಲ್ಲಿ ಒಬ್ಬರ ಮನೆಯ ಕೆಲಸವೆಂದರೆ ಬಸದಿಯ ಮಂದಿಯೆಲ್ಲ ಕೈ ಹಚ್ಚುತ್ತಾರೆ. ಅಪ್ಪನ ಮುಖ ಅರಳಿತ್ತು.

"ಛಲೋ ಆತ್ರಿ ಅಪ್ಪಾ" ಎಂದೆ.

ಸೆಪ್ಟೆಂಬರ್ 4, ಬೆಳಿಗ್ಗೆ

ತೆಗೆದುಹಾಕಿದ್ದಾರೆ. ಪುಟವೇ ಇಲ್ಲ. ಕಾರಣ — ನಕಲಿ ವೋಟು. ನಮ್ಮಿಬ್ಬರ ಅಕೌಂಟೂ ಬ್ಲಾಕ್. ಪೋರ್ಚುಗಲ್‌ನವನಿಗೆ ಉತ್ತರ ಅರ್ಧ ಬರೆದಿದ್ದೆ… ಮೇಲ್ ಕಳಿಸಿದೆ: ಅವರೆಲ್ಲ ನಿಜವಾದ ಮನುಷ್ಯರು, ಇಚಲಕರಂಜಿಯ ನಮ್ಮ ಓಣಿಯವರು. ಮರುಕ್ಷಣವೇ ಮಷಿನ್ನಿನ ಉತ್ತರ: ನಿರ್ಧಾರ ಅಂತಿಮ. ಯಾರ ಕಾಲು ಹಿಡಿಯಲಿ? ಅಲ್ಲಿ ಮನುಷ್ಯರೇ ಇಲ್ಲ.

ಸೆಪ್ಟೆಂಬರ್ 8

ಇವತ್ತು ಕ್ಷಮಾವಾಣಿ. ಪರ್ವ ಮುಗಿದು, ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಇವತ್ತೇ ನನ್ನ ನಾಲಿಗೆ ಹರಿಯಬೇಕೆ?

ಊಟಕ್ಕೆ ಕೂತಾಗ ಅಪ್ಪ, "ಎಷ್ಟನೇ ನಂಬರ್ ಬಂತ ಬಾಳಾ? ಆಜರಾದ ಬೀಗರಿಗೂ ಲಿಂಕ್ ಕಳಿಸೇನಿ" ಅಂದರು. ತಡೆಯಲಾಗಲಿಲ್ಲ.

"ಸಾಕ್ ಮಾಡ್ರಿ ಅಪ್ಪಾ! ನಿಮ್ಮಿಂದನ ಎಲ್ಲಾ ಹಾಳಾತು. ಈ ತಿಂಗಳ ಮುಗದ್ರ ಅವ್ವನ ಫೋನಿನ್ಯಾಗ ಒಂದಕ್ಷರ ಬರೂದಿಲ್ಲ!"

ಆಮೇಲೆ ನೆನಪಾಯಿತು. ಅವ್ವನ ತಾಟಿನ ಪಕ್ಕದಲ್ಲೇ ಫೋನ್. ನಾನು ಅಂದದ್ದನ್ನೆಲ್ಲ ತಪ್ಪಿಲ್ಲದೆ ಬರೆದಿತ್ತು. ಅವ್ವ ಓದಿದಳು. ಅಪ್ಪನ ತಾಟಿಗೆ ಇನ್ನೊಂದು ಭಾಕರಿ ಹಾಕಿದಳು.

ಅಪ್ಪ ತಾಟು ಸರಿಸಿ ಕೈಮುಗಿದರು. ನನಗೆ. "ಉತ್ತಮ ಕ್ಷಮಾ ಬಾಳಾ. ನಂಗ ಗೊತ್ತಾಗಲಿಲ್ಲ."

ಫೋನು ಅದನ್ನೂ ಬರೆಯಿತು.

ಸೆಪ್ಟೆಂಬರ್ 21

ಬೇರೆ ಸೈಟಿಗೂ ಹಾಕಿ ನೋಡಿದೆವು. ನಮ್ಮ ಹೆಸರು ನೋಡಿದವರೇ, ಕಳ್ಳ ವೋಟಿನವರಲ್ಲವೇ ಎನ್ನುತ್ತಾರೆ. ಸರ್ವರ್ ಬಿಟ್ಟು ಲ್ಯಾಪ್‌ಟಾಪಿನಲ್ಲೇ ನಡೆಸಿದರೆ, ಚಹಾ ಕೇಳಿದ ಮಾತು ಚಹಾ ಕುಡಿದು ಮುಗಿದ ಮೇಲೆ ಬರುತ್ತದೆ. ಕೇತನನ ದನಿಯೂ ಸೋತಿದೆ.

ಅಪ್ಪ ಈಗ ಮಗ್ಗದ ಕಡೆ ಇಳಿಯುವುದು ಕಡಿಮೆ. ಅವ್ವನ ಎದುರು ಕುರ್ಚಿ ಎಳೆದುಕೊಂಡು ಮಾತಾಡುತ್ತಾರೆ. ಮೊದಲ ಮಗ್ಗ ಮನೆಗೆ ಬಂದದ್ದು, ನಾಂದಣಿಯ ಮಾವ ಮದುವೆಯಲ್ಲಿ ಮುನಿಸಿಕೊಂಡದ್ದು… ಇದ್ದದ್ದನ್ನೆಲ್ಲ ಈ ತಿಂಗಳೊಳಗೆ ಹೇಳಿ ಮುಗಿಸುವ ಅವಸರ. ನೋಡಲಾಗುವುದಿಲ್ಲ. ಎದ್ದು ಹೋಗಲೂ ಆಗುವುದಿಲ್ಲ.

ಸೆಪ್ಟೆಂಬರ್ 30, ಸಂಜೆ

ಚಹಾದ ಹೊತ್ತಿನವರೆಗೂ ನಡೆಯಿತು. ಅಪ್ಪ ನಾನು ಹುಟ್ಟಿದ ದಿನದ ಕಥೆ ಹೇಳುತ್ತಿದ್ದರು. ಅವ್ವ ಓದುತ್ತ ನಗುತ್ತಿದ್ದಳು. ಅಷ್ಟರಲ್ಲಿ ಅಕ್ಷರ ನಿಂತವು.

ಅವ್ವ ಕಾದಳು. ಸೆರಗಿನಿಂದ ಫೋನ್ ಒರೆಸಿದಳು. ಮತ್ತೆ ಕಾದಳು.

"ಯಾಕ್ರೀ, ಸುಮ್ಮನಾದ್ರಿ? ಮುಂದ ಹೇಳ್ರೀ."

ಅಪ್ಪ ಸುಮ್ಮನಾಗಿಲ್ಲ. ಈಗಲೂ ಹೇಳುತ್ತಲೇ ಇದ್ದಾರೆ, ಇನ್ನೂ ಜೋರಾಗಿ. ಅವ್ವ ಫೋನನ್ನು ಸರಿ ಮಾಡಿಕೊಡೆಂದು ನನ್ನ ಕಡೆ ಚಾಚಿದ್ದಾಳೆ.