ಬರೀ ಸದ್ದಿನ ಟ್ರೇಸರ್

ಡಿಸೆಂಬರ್ 11, ಬೆಳಗ್ಗೆ 8.40

ಮತ್ತೆ ಇಬ್ಬರೂ ಹೊರಟರು. ಅಪ್ಪ, ಅಕ್ಕ, ಒಂದೇ ಸ್ಕೂಟರ್, ಮಧ್ಯೆ ಟೂಲ್ ಬ್ಯಾಗ್. ನಾನು ಬಾಗಿಲಲ್ಲಿ, ಟಾಟಾ ಮಾಡೋಕೆ.

ಆರನೇ ಕ್ಲಾಸಿಂದ ಹಾಸ್ಟೆಲ್. ಈಗ ಎಲೆಕ್ಟ್ರಿಕಲ್ ಫಸ್ಟ್ ಇಯರ್, ರಜಕ್ಕೆ ಬಂದಿದ್ದೀನಿ. ಅಪ್ಪನ ಕಸುಬನ್ನೇ ಓದ್ತಿರೋದು ನಾನು, ಜೊತೆಗೆ ಹೋಗೋದು ಅವಳು. ಅವಳಿಗೆ "ಲೇ ಗೂಬೆ, ಟೆಸ್ಟರ್ ಎಲ್ಲಿಟ್ಟೆ?" ನನಗೆ "ಕೂತ್ಕೋಮ್ಮ, ಫ್ಯಾನ್ ಹಾಕ್ಲಾ?" ನೆಂಟರ ಟ್ರೀಟ್‌ಮೆಂಟ್. ನನ್ನನ್ನೂ ಒಂದ್ಸಲ ಗೂಬೆ ಅನ್ನಬಾರದಾ... ಸ್ಟುಪಿಡ್. ಗೊತ್ತು.

ಭಾನುವಾರದ ಫೋನೂ ಹಾಗೇ. ಎರಡು "ಹೂಂ", ಆಮೇಲೆ "ಅಕ್ಕನಿಗೆ ಕೊಡ್ತೀನಿ". ಅವಳ ಜೊತೆ ಮಾತ್ರ ದಿನವಿಡೀ ಏನು ಮಾತೋ.

ಡಿಸೆಂಬರ್ 12

ನನಗೊಂದು ಕೆಲಸ! ಕ್ಲಿನಿಕ್ ಹಿಂದೆ ಪೈಪ್ ಹಾಕೋಕೆ ಅಗೀಬೇಕಂತೆ. ಕಟ್ಟಡದಿಂದ ಜನರೇಟರ್ ರೂಮಿಗೆ ಮಣ್ಣಿನೊಳಗೆ ಹಳೇ ಕೇಬಲ್ ಹೋಗಿದೆ, ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಅದನ್ನ ಹುಡುಕೋ ಸಾಮಾನು ಆನ್‌ಲೈನ್‌ನಲ್ಲಿ ನಾನೇ ಆರಿಸಬೇಕು. ವೆಬ್‌ಸೈಟ್ ಎಲ್ಲ ಇಂಗ್ಲಿಷ್, ಅದಕ್ಕೆ. ಇರಲಿ. ಅಪ್ಪ ಕೇಳಿದರಲ್ಲ.

ಪೆನ್ ಥರದ ಟೆಸ್ಟರ್ ಸಾಲದು. ಗೋಡೆ ಹತ್ತಿರ ಹಿಡಿದರೆ ಕರೆಂಟ್ ಇದೆಯಾ ಇಲ್ವಾ ಅಷ್ಟೇ ಹೇಳುತ್ತೆ, ವೈರ್ ಎಲ್ಲಿಗೆ ಹೋಗುತ್ತೆ ಅಂತ ಹೇಳಲ್ಲ. ಬೇಕಾದ್ದು ಟ್ರೇಸರ್. ಸಪ್ಲೈ ಬಿಡಿಸಿ, ಕೇಬಲ್ ತುದಿಗೆ ಒಂದು ಡಬ್ಬಿ ಸಿಕ್ಕಿಸೋದು, ಅದು ಸಿಗ್ನಲ್ ಕಳಿಸುತ್ತೆ. ಕೋಲಿನಂಥ ಇನ್ನೊಂದು ಭಾಗ ಹಿಡಿದು ಮೇಲೆ ನಡೆಯೋದು. ಕೆಳಗೆ ಕೇಬಲ್ ಇದ್ದಲ್ಲಿ ಕೋಲು ಕುಂಯ್ ಅನ್ನುತ್ತೆ.

ಕೊನೆಗೆ ಎರಡು ಉಳಿದವು. ಮೊದಲನೇದು ಆಳಕ್ಕೆ ಇಳಿಯುತ್ತೆ, ಬರೀ ಸದ್ದು. ಎರಡನೇದಕ್ಕೆ ಆಳ ಕಮ್ಮಿ, ಸದ್ದಿನ ಜೊತೆ ಸಾಲಾಗಿ ಲೈಟ್.

ಅಕ್ಕ ಹಿಂದಿನಿಂದ ಇಣುಕಿ, "ಲೈಟ್ ಇರೋದು ತಗೋ" ಅಂದಳು. ಯಾಕೆ ಅಂದೆ. ಚೆನ್ನಾಗಿರುತ್ತೆ ಅಂತೆ. ಇದು ಟೂಲ್, ಆಟದ ಸಾಮಾನಲ್ಲ ಅಂದೆ. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಪೇಪರ್ ಮಡಚ್ತಾ ಇದ್ದರು.

ಮೊದಲನೇದು ಆರ್ಡರ್ ಮಾಡಿದೆ. ಡೆಪ್ತ್ ಮ್ಯಾಟರ್ಸ್.

ಸತ್ಯ ಬರೀಲಾ? ಕೇಬಲ್ ಇರೋದು ಎರಡಡಿ ಆಳದಲ್ಲಂತೆ. ಎರಡನೇದೂ ಸಾಕಿತ್ತು. ಅವಳು ಬಾಯಿ ಹಾಕದೇ ಇದ್ದಿದ್ದರೆ —

ಡಿಸೆಂಬರ್ 17, ಸಂಜೆ

ಟ್ರೇಸರ್ ಬಂತು. ಅಕ್ಕನಿಗೆ ಜ್ವರ, 102. ಕೆಲಸ ಎರಡು ದಿನ ಮುಂದೆ ಹಾಕಿ ಅಂತ ಹಠ. ನಾನು ಹೋಗ್ತೀನಿ ಅಂದೆ. (ಜ್ವರ ಬಂದಿದ್ದಕ್ಕೆ ಒಳಗೊಳಗೇ ಖುಷಿ. ಛೀ.) ಮಲಗಿದ್ದಲ್ಲಿಂದಲೇ ಆರ್ಡರ್ — "ಅಪ್ಪನ ಮುಂದೆ ನಡಿ. ಹಿಂದೆ ಬೇಡ."

ಇವಳು ಯಾವಾಗಲೂ ಹಾಗೇ, ಅಪ್ಪನ ಮುಂದೆ ಮುಂದೆ, ತಾನೇ ಯಜಮಾನಿ ಥರ. ನಾನು ಹಿಂದೆಯೇ ನಡೀತೀನಿ.

ಡಿಸೆಂಬರ್ 18, ಮಧ್ಯಾಹ್ನ 3

ಕ್ರಮವಾಗಿ ಬರೀತೀನಿ.

ಕ್ಲಿನಿಕ್ ಹಿತ್ತಲು. ಅಪ್ಪ ಫ್ಯೂಸ್ ಕಿತ್ತರು, ಚೆಕ್ ಮಾಡಿದರು, ಡಬ್ಬಿ ಸಿಕ್ಕಿಸಿದರು. ಕೋಲು ಅವರ ಕೈಯಲ್ಲಿ. ಅವರು "ಇಲ್ಲಿ" ಅಂದಲ್ಲಿ ಹಿಂದಿನಿಂದ ಸುಣ್ಣದ ಪುಡಿ ಹಾಕೋದು ನಾನು. ಮಾರ್ಕ್ ಆದಮೇಲೆ ಕರೆಂಟ್ ವಾಪಸ್ (ಕ್ಲಿನಿಕ್ ನಡೀಬೇಕಲ್ಲ), ಆಮೇಲೆ ಅಗೆತ. ಸುಣ್ಣ ಇಲ್ಲದ ಕಡೆ ಮೇಸ್ತ್ರಿ ಹಾರೆ ಹಾಕ್ತಾನೆ.

ಗೋಡೆ ಹತ್ತಿರ ಕುಂಯ್ ಅಂತ ಜೋರಾಗೇ ಇತ್ತು. ನಲ್ಲಿ ಹತ್ತಿರ ಸಣ್ಣಗಾಯ್ತು. ಆಮೇಲೆ ನಿಂತೇಹೋಯ್ತು. ಅಪ್ಪ ಮಾತ್ರ ನೇರ ನಡೀತಾ "ಇಲ್ಲಿ". ಎರಡು ಹೆಜ್ಜೆ. "ಇಲ್ಲಿ". ಟೂಲ್ ಕೆಟ್ಟಿದೆ ಅಂದ್ಕೊಂಡೆ. ಅಷ್ಟರಲ್ಲಿ ಕೋಲು ಎಡಕ್ಕೆ ತಿರುಗಿತು, ಹಿತ್ತಲಿಗೆಲ್ಲ ಕೇಳೋ ಹಾಗೆ ಕೂಗಿತು. ಅಪ್ಪ ಕೋಲನ್ನ ಮತ್ತೆ ನೇರ ಮಾಡಿಕೊಂಡು ಮುಂದೆ ಹೋದರು. ಕಣ್ಣು ಜನರೇಟರ್ ರೂಮಿನ ಬಾಗಿಲ ಮೇಲೆ. ಅಂದಾಜಲ್ಲಿ ನಡೀತಿದ್ದರು.

"ಆಯ್ತಾ ಯಜಮಾನ್ರೇ?" ಅಂತ ಮೇಸ್ತ್ರಿ ಕೂಗಿದ. ತಿರುಗಲಿಲ್ಲ. ಮೆಟ್ಟಿಲ ಮೇಲಿದ್ದ ಡಾಕ್ಟರಮ್ಮ ಕೈ ಬೀಸಿದಾಗ ತಿರುಗಿ ನಕ್ಕರು.

ಅಪ್ಪನಿಗೆ ಕೇಳಿಸ್ತಿಲ್ಲ.

ಬಾಯಿಬಿಟ್ಟು ಹೇಳಿದರೆ ಇಬ್ಬರ ಎದುರು ಅಪ್ಪನ ಮರ್ಯಾದೆ. ಹೇಳದಿದ್ದರೆ ಮೇಸ್ತ್ರಿಯ ಹಾರೆ ಕರೆಂಟಿನ ಮೇಲೆ. ಮತ್ತೆ ಗುರುತು ಹಾಕೋಕೆ ನೆಪ ಬೇಕಿತ್ತು, ಸುಣ್ಣದ ಡಬ್ಬಿ ಬೇಕಂತಲೇ ಬೀಳಿಸಿದೆ. ತಪ್ಪು ಮಾರ್ಕೆಲ್ಲ ಕಾಲಲ್ಲಿ ಒರೆಸಿ, ಅಪ್ಪನನ್ನ ನಲ್ಲಿ ಹತ್ತಿರಕ್ಕೆ ವಾಪಸ್ ಕರ್ಕೊಂಡು ಬಂದು, ಅವರ ಮುಂದೆ ನಿಂತೆ. ನಡೆದೆ. ಹಿಂದೆ ಸದ್ದು ಸಣ್ಣಗಾದರೆ ಪಕ್ಕಕ್ಕೆ ಸರಿಯೋದು, ಜೋರಾದರೆ ನಿಲ್ಲೋದು. ಅಪ್ಪ ನನ್ನ ಚಪ್ಪಲಿ ನೋಡ್ತಾ ಬಂದರು. ನಾನು ನಿಂತಲ್ಲಿ "ಇಲ್ಲಿ" ಅಂದರು. ಕೇಬಲ್ ನಲ್ಲಿಯನ್ನ ಬಳಸಿಕೊಂಡು ಬಿಲ್ಲಿನ ಥರ ಬಾಗಿತ್ತು. ಪೈಪ್‌ಗೆ ಗುಂಡಿ ಬೀಳ್ತಿದ್ದದ್ದು ಸರಿಯಾಗಿ ಆ ಬಾಗಿನ ಮೇಲೇ.

ವಾಪಸ್ ಬರುವಾಗ ಸ್ಕೂಟರ್‌ನಲ್ಲಿ ಮಧ್ಯೆ ಟೂಲ್ ಬ್ಯಾಗ್ ಇತ್ತು. ಅದನ್ನ ಗಟ್ಟಿಯಾಗಿ ಹಿಡ್ಕೊಂಡಿದ್ದೆ.

ಡಿಸೆಂಬರ್ 19

ಅಕ್ಕನ ಜ್ವರ ಇಳಿದಿದೆ. ಕೇಳಿದೆ. ಅಪ್ಪನ ಕಿವಿ ಮಂದವಾಗಿ ಎರಡು ವರ್ಷ ಆಯ್ತಂತೆ. ಸಣ್ಣ ಸದ್ದು ಮೊದಲು ಹೋಯ್ತು, ಫೋನ್ ಆಮೇಲೆ. ಎದುರು ನಿಂತರೆ ತುಟಿ ನೋಡಿ ಅರ್ಥ ಮಾಡ್ಕೊತಾರೆ. ಗೊತ್ತಾದರೆ ನಾನು ಓದು ಬಿಟ್ಟು ಬಂದುಬಿಡ್ತೀನಿ ಅಂತ ನನಗೆ ಮಾತ್ರ ಹೇಳಬಾರದು ಅಂದಿದ್ದರಂತೆ.

ಅಪ್ಪನ ಬಗ್ಗೆ ಅಯ್ಯೋ ಅನ್ನಿಸಬೇಕು. ಅನ್ನಿಸ್ತು. ಆದರೆ ಅದಕ್ಕಿಂತ ಮೊದಲು ಅನ್ನಿಸಿದ್ದು — ಎರಡು ವರ್ಷ, ಗುಟ್ಟಲ್ಲೂ ಇವರಿಬ್ಬರೇ. ಎಂಥವಳು ನಾನು.

"ನನಗೆ ಯಾಕೆ ಸರಿಯಾಗಿ ಹೇಳ್ಲಿಲ್ಲ ನೀನು?"

"ಲೈಟ್ ಇರೋದು ತಗೋ ಅಂದೆನಲ್ಲ, ಹಾಸ್ಟೆಲ್ ಮೇಡಂ. ಇನ್ನೇನು ಡಂಗೂರ ಹೊಡೀಲಾ?"

ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ನಿನ್ನೆ ರಾತ್ರಿ ನಾನು ಮಲಗಿದ ಮೇಲೆ ಊಟಕ್ಕೆ ಕೂತು ಅಪ್ಪ ಅವಳ ಹತ್ತಿರ ನನ್ನದೇ ಮಾತಂತೆ, ತಟ್ಟೆ ಒಣಗೋವರೆಗೆ. "ನನಗೆ ಅಪ್ಪನ ಮುಂದೆ ಆ ನಡಿಗೆ ಕಲಿಯೋಕೆ ಆರು ತಿಂಗಳು ಹಿಡೀತು. ನೀನು ಒಂದೇ ಬೆಳಗ್ಗೆ ಕಲ್ತೆ" ಅಂದಳು. ಹೊಗಳಿಕೆ ಥರ ಇರಲಿಲ್ಲ. ಆ ದನಿ ನನಗೆ ಚೆನ್ನಾಗಿ ಗೊತ್ತು. ನನ್ನದೇ ದನಿ ಅದು.

ಡಿಸೆಂಬರ್ 21, ಸಂಜೆ

ಟ್ರೇಸರ್ ವಾಪಸ್ ಕಳಿಸೋ ಫಾರ್ಮ್. 'ರೀಸನ್' ಅಂತ ಒಂದು ಬಾಕ್ಸ್. 'ಮೈ ಫಾದರ್' ಅಂತ ಶುರು ಮಾಡಿ ಅಳಿಸಿದೆ. 'ರಾಂಗ್ ಚಾಯ್ಸ್ ಬೈ ಮಿ' ಅಂತ ಹಾಕಿದೆ.

ಅಪ್ಪ ಬಂದರು. ಎದುರಿಗೆ ನಿಂತು, ಲೈಟ್ ಇರೋದು ತರಿಸ್ತಿದ್ದೀನಿ ಅಂದೆ, ನಿಧಾನವಾಗಿ. ನನ್ನ ತುಟಿ ನೋಡಿದರು.

"ಲೇ ಗೂಬೆ, ಅಕ್ಕ ಹೇಳಿದಾಗಲೇ ಕೇಳೋಕೇನಾಗಿತ್ತು?"

ಅಕ್ಕ ಬಾಗಿಲಲ್ಲೇ ಇದ್ದಳು. ಕೇಳಿಸ್ಕೊಂಡಳು.

ನಾಳೆ ಇನ್ನೊಂದು ಹಿತ್ತಲ ಕೆಲಸ ಇದೆ, ಜೊತೆಗೆ ಯಾರು ಬರ್ತೀರಿ ಅಂತ ಕೇಳಿದರು. ಇಬ್ಬರೂ ಒಟ್ಟಿಗೇ "ನಾನು" ಅಂದ್ವಿ. ಅಪ್ಪ ಒಂದ್ಸಲ ಅವಳ ತುಟಿ, ಒಂದ್ಸಲ ನನ್ನ ತುಟಿ ನೋಡಿ, ಟೂಲ್ ಬ್ಯಾಗನ್ನ ನಮ್ಮಿಬ್ಬರ ಮಧ್ಯೆ ಇಟ್ಟರು.