ಅಗ್ಗದ ಬೋರ್ಡಿನ ತಾಕತ್ತು

ಅಂಗಡಿಯ ಮೇಲಿನ ಮನೆ,
ಜೂನ್ ೧೪, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆ ಹೇಳಿದ ವ್ಯಾಯಾಮ ಮಾಡುತ್ತಿದ್ದೀಯೋ, ಇಲ್ಲ ಶೋರೂಮಿನ ತಿರುಗುವ ಕುರ್ಚಿಯಲ್ಲೇ ವಾಸಿಯಾಗಲಿ ಎಂದು ಕೂತಿದ್ದೀಯೋ? ಅಮ್ಮ ಚೆನ್ನಾಗಿದ್ದಾಳೆ, ಮೆಟ್ಟಿಲು ಕಂಡರೆ ಮಾತ್ರ ಅವಳ ಮಂಡಿ ಜಗಳಕ್ಕೆ ನಿಲ್ಲುತ್ತದೆ. ನಾನೂ ಚೆನ್ನಾಗಿದ್ದೇನೆ. ನೀನು ಮ್ಯಾನೇಜರ್ ಆಗಿ ಹೋದ ಮೇಲೆ ರಿಪೇರಿ ಮೇಜು ಪೂರ್ತಿ ನನ್ನದೇ, ಬಯ್ಯುವವರಿಲ್ಲ.

ಕಾರ್ಟೂನಕ್ಕ ನೆನಪಿರಬೇಕಲ್ಲ, ಮಕ್ಕಳ ಸಿನಿಮಾ ಮಾಡುವವಳು, ನಮ್ಮಲ್ಲೇ ಕಂಪ್ಯೂಟರ್ ಕಟ್ಟಿಸಿಕೊಂಡವಳು. ವರ್ಷಗಟ್ಟಲೆ ಒಬ್ಬಳೇ ಕೂತು ಬರೆದ ಚಿತ್ರಗಳನ್ನೆಲ್ಲ ಸಿನಿಮಾವಾಗಿ ಹೊರತೆಗೆಯುವ ಹೊತ್ತಿಗೆ ಆ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಅದೇ ವೇಗದಲ್ಲಿ ಹೋದರೆ ಸ್ಪರ್ಧೆಯ ಗಡುವು ದಾಟುತ್ತಿತ್ತು. ಯಾವುದೋ ಶೋರೂಮಿನಲ್ಲಿ ಕೇಳಿದರೆ, "ಈ ಅಗ್ಗದ ಮದರ್‌ಬೋರ್ಡಲ್ಲಿ ಏನೂ ಆಗಲ್ಲ, ಇಡೀ ಸೆಟ್ಟೇ ಬದಲಾಯಿಸಿ" ಅಂದರಂತೆ. ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಓಡಿಸಬಹುದಾ ಎಂದು ನನ್ನ ಹತ್ತಿರ ಬಂದಳು. ನಾನು ಫೋನಿನಲ್ಲಿ ನಿನ್ನನ್ನು ಕೇಳಿದೆ. "ಪ್ರೊಸೆಸರ್ ಓಡತ್ತೆ ಕಣೇ, ಬೋರ್ಡ್ ಸಾಯತ್ತೆ. ಹೇಗೂ ಮುಚ್ಚೋ ಅಂಗಡಿ, ಹೆಸರು ಕೆಡಿಸ್ಕೊಂಡು ಯಾಕೆ ಮುಚ್ತೀಯ?" ಅಂದೆ ನೀನು. ಆ ಕೊನೆಯ ಮಾತು ಕೇಳಿಯೇ ನಾನು ಕೆಲಸ ಒಪ್ಪಿಕೊಂಡಿದ್ದು.

ಅವಳಿಂದ ಏನೂ ಮುಚ್ಚಿಡಲಿಲ್ಲ. ಸುಟ್ಟುಹೋದರೆ ಸ್ಪರ್ಧೆಯ ಆಸೆ ಬಿಡಬೇಕು ಎಂದೆ. "ಹೀಗೇ ಇದ್ರೂ ಬಿಡಬೇಕಲ್ಲ, ಕೈ ಹಾಕು" ಅಂದಳು. ಸಿನಿಮಾವನ್ನು ಬೇರೆ ಡಿಸ್ಕಿಗೆ ಇಳಿಸಿಕೊಂಡು ಶುರುಮಾಡಿದೆ. ಮೊದಲ ಸಲ ಆಸೆಬುರುಕಿಯ ಹಾಗೆ ವೇಗ, ವೋಲ್ಟೇಜ್ ಎರಡನ್ನೂ ಒಟ್ಟಿಗೇ ಏರಿಸಿಬಿಟ್ಟೆ. ಸ್ವಲ್ಪ ಹೊತ್ತು ಓಡಿ ಪರದೆ ಕಪ್ಪಾಯಿತು. ಕರೆಂಟು ತೆಗೆದು ಮುಚ್ಚಳ ಬಿಚ್ಚಿದೆ. ಮುಟ್ಟಿ ನೋಡಿದರೆ ಪ್ರೊಸೆಸರಿನ ಸುತ್ತ ಬರೀ ಬೆಚ್ಚಗಿತ್ತು. ಅದಕ್ಕೆ ಕರೆಂಟನ್ನು ಹದಮಾಡಿ ಕೊಡುವ ಪಕ್ಕದ ಕಪ್ಪು ಚಿಪ್‌ಗಳ ಹತ್ತಿರ ಮಾತ್ರ ಬೆರಳಿಡಲಾಗಲಿಲ್ಲ. ದುಬಾರಿ ಬೋರ್ಡಿನಲ್ಲಿ ಅವುಗಳ ಮೇಲೆ ಶಾಖ ಹೀರುವ ಲೋಹ ಕೂತಿರುತ್ತದೆ, ಇದರಲ್ಲಿ ಬರಿಮೈ. ತಣಿದ ಮೇಲೆ ಮತ್ತೆ ಆನ್ ಆಯಿತು. ಬೋರ್ಡ್ ಕೈಲಾಗದ್ದಲ್ಲ ಅಣ್ಣಾ, ಸೆಕೆಗೆ ಬಸವಳಿದಿತ್ತು. ಗುಜರಿ ಪವರ್ ಸಪ್ಲೈಯೊಳಗಿನ ಅಲ್ಯೂಮಿನಿಯಂ ರೆಕ್ಕೆಗಳನ್ನು ಕತ್ತರಿಸಿ, ಶಾಖ ದಾಟಿಸುವ ಅಂಟುಪಟ್ಟಿಯಿಂದ ಆ ಚಿಪ್‌ಗಳ ಮೇಲೆ ಕೂರಿಸಿದೆ. ನೇರ ಅಲ್ಲಿಗೇ ಗಾಳಿ ಬೀಳುವಂತೆ ಫ್ಯಾನ್ ಕಟ್ಟಿದೆ. ವೋಲ್ಟೇಜನ್ನು ತಗ್ಗಿಸಿ, ವೇಗವನ್ನು ಚೂರುಚೂರೇ ಏರಿಸುತ್ತ ಹೋದೆ. ಒಂದು ಹಂತದಲ್ಲಿ ಕಂಪ್ಯೂಟರ್ ಆರಲಿಲ್ಲ, ತಾನಾಗಿಯೇ ನಿಧಾನವಾಯಿತು. ಸಾಕು ಎಂದು ಅದು ಹೇಳುವ ಬಗೆಯೇ ಅದು. ಒಂದು ಹಂತ ಹಿಂದೆ ಸರಿದು ನಿಲ್ಲಿಸಿದೆ.

ಸಿಕ್ಕಿದ ಹೆಚ್ಚುವರಿ ವೇಗ ನಿನ್ನ ಕಣ್ಣಿಗೆ ಏನೇನೂ ಅಲ್ಲ. ಅವಳಿಗೆ ಅಷ್ಟೇ ಬೇಕಿತ್ತು. ವಾರವಿಡೀ ಆ ಯಂತ್ರ ನಮ್ಮ ಮೇಜಿನ ಮೇಲೇ ಓಡಿತು. ಅಮ್ಮ ಹಾದುಹೋದಾಗಲೆಲ್ಲ ಅದರ ಬಿಸಿಗಾಳಿಗೆ ಅಂಗೈ ಒಡ್ಡಿ, "ಜ್ವರ ಇಲ್ಲ ಬಿಡು" ಅನ್ನುತ್ತಿದ್ದಳು. ಶುಕ್ರವಾರ ಸಿನಿಮಾ ಸ್ಪರ್ಧೆಗೆ ಹೋಯಿತು. ಕಾರ್ಟೂನಕ್ಕ ಮುಖ ಮುಚ್ಚಿಕೊಂಡು ಅತ್ತಳು, ನಾನು ಬಿದ್ದಿಲ್ಲದ ಸ್ಕ್ರೂ ಹುಡುಕುತ್ತ ಮೇಜಿನಡಿ ಕೂತೆ. ಬಹುಮಾನ ಬರುತ್ತದೋ ಇಲ್ಲವೋ, ಅದು ಬೇರೆ ಮಾತು. ನೀನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಆ ಬೋರ್ಡಿಗೊಂದು ಮಿತಿ ಇದೆ, ಅದನ್ನು ಕೈಯಾರೆ ಮುಟ್ಟಿ ಬಂದೆ. ಆದರೆ ನೀನು ಗೆರೆ ಎಳೆದ ಜಾಗದಲ್ಲಿ ಅದು ಇರಲಿಲ್ಲ.

ಅತ್ತಿಗೆಗೆ ನನ್ನ ನೆನಪು ತಿಳಿಸು. ಮಗುವಿನ ಕೆನ್ನೆಗೆ ಅಜ್ಜಿಯದೊಂದು ಮುತ್ತು, ಅತ್ತೆಯದೊಂದು ಚಿವುಟು. ಸೊಂಟ ಜೋಪಾನ.

ನಿನ್ನ ಮೊಂಡು ತಂಗಿ

ತಾ.ಕ.: ಬರೆಯಲು ಕೂತಿದ್ದೇ ಇದಕ್ಕೆ. ಅಂಗಡಿಯ ಸಾಮಾನು ಕೊಳ್ಳಲು ನೀನು ಗೊತ್ತುಮಾಡಿದವನಿಗೆ ಬರಬೇಡ ಎಂದು ನೀನೇ ಹೇಳಿಬಿಡು, ನಾನು ಹೇಳಿದರೆ ಜಗಳವಾದೀತು. ಬಾಡಿಗೆ ಕರಾರನ್ನು ನನ್ನ ಹೆಸರಿಗೆ ಬರೆಸಿಕೊಂಡಿದ್ದೇನೆ, ಸಾಕ್ಷಿಗೆ ಅಮ್ಮನ ಸಹಿ. ನಿಮ್ಮ ಶೋರೂಮಿನಲ್ಲಿ ನನಗಾಗಿ ಇಟ್ಟಿರುವ ಕೆಲಸ ಬೇರೆ ಯಾರಿಗಾದರೂ ಕೊಡು. ರಜೆಗೆ ಬಂದಾಗ ನೇರ ಅಂಗಡಿಗೇ ಬಾ, ಗಿರಾಕಿಗಳ ಸ್ಟೂಲಿನ ಮೇಲೆ ಕೂತಿರು, ಕೈಯಲ್ಲಿರುವ ಕೆಲಸ ಮುಗಿಸಿ ಮಾತಾಡಿಸುತ್ತೇನೆ.